ಸಂಬಳಕ್ಕಾದರೆ ಯುದ್ಧಭೂಮಿಯೂ ಆದೀತು, ಶಾಂತಿಗೆ ಆಗದೇ?

2014ರ ಏಪ್ರಿಲ್ 17. ದಕ್ಷಿಣ ಸುಡಾನ್‌ನ ಬೋರ್ ಪಟ್ಟಣ. ಅಂತರ್ಯುದ್ಧದಲ್ಲಿ ಮನೆಮಠ ಕಳೆದುಕೊಂಡ ಸಾವಿರಾರು ಮಂದಿ ಅಲ್ಲಿನ ವಿಶ್ವಸಂಸ್ಥೆಯ ನೆಲೆಯೊಳಗೆ ಆಶ್ರಯ ಪಡೆದಿದ್ದರು. ಅಂದು ಸಶಸ್ತ್ರ ಗುಂಪೊಂದು ಒಳನುಗ್ಗಿ ಸಿಕ್ಕಸಿಕ್ಕವರನ್ನು ಕೊಲ್ಲತೊಡಗಿತು. ಹತ್ತಾರು ಜೀವಗಳು ಹೋದವು. ಅದೇ ನೆಲೆಯ ಒಂದು ಮಣ್ಣಿನ ಗುಡಿಸಲಿನಲ್ಲಿ ಹದಿನಾಲ್ಕು ಮಂದಿ ಮಹಿಳೆಯರು ಮತ್ತು ಮಕ್ಕಳು ಅಡಗಿದ್ದರು. ಅವರ ಜೊತೆ ನಾನ್‌ವಯಲೆಂಟ್ ಪೀಸ್‌ಫೋರ್ಸ್ ಎಂಬ ಸಂಸ್ಥೆಯ ಇಬ್ಬರು ವಿದೇಶಿ ಕಾರ್ಯಕರ್ತರಿದ್ದರು. ಅವರ ಕೈಯಲ್ಲಿ ಒಂದು ಕೋಲೂ ಇರಲಿಲ್ಲ. ಇದ್ದದ್ದು ಸಂಸ್ಥೆಯ ಗುರುತುಚೀಟಿ ಮಾತ್ರ. ಬಂದೂಕುಧಾರಿಗಳು ಮೂರು ಬಾರಿ ಬಂದು, ನೀವಿಬ್ಬರು ಹೊರಟುಹೋಗಿ ಎಂದು ಆಜ್ಞಾಪಿಸಿದರು. ಮೂರು ಬಾರಿಯೂ ಅವರು ಗುರುತುಚೀಟಿ ತೋರಿಸಿ, ಕದಲಲು ನಿರಾಕರಿಸಿದರು. ಆ ಹದಿನಾಲ್ಕು ಮಂದಿಯೂ ಬದುಕಿ ಉಳಿದರು.

ಇದನ್ನು ಒಂದು ಸಾಹಸದ ಕಥೆಯೆಂದು ಓದಿ ಪುಟ ಮಗುಚಿಬಿಡುವುದು ಸುಲಭ. ಆದರೆ ಆ ಇಬ್ಬರು ದಾರಿ ತಪ್ಪಿ ಆ ಗುಡಿಸಲಿಗೆ ಬಂದವರಾಗಿರಲಿಲ್ಲ. ಅಲ್ಲಿರುವುದೇ ಅವರ ಕೆಲಸವಾಗಿತ್ತು. ಅದಕ್ಕಾಗಿ ಅರ್ಜಿ ಹಾಕಿ, ತರಬೇತಿ ಪಡೆದು, ಕರಾರಿಗೆ ಸಹಿ ಮಾಡಿ ಬಂದವರು ಅವರು. ನರ್ಸಿಂಗ್‌ನಂತೆ, ಅಧ್ಯಾಪನದಂತೆ ಶಾಂತಿಯೂ ಕಲಿತು ಮಾಡುವ ಒಂದು ಕೆಲಸವಾಗಿದೆ ಎಂಬ ವಿಷಯ ನಮ್ಮ ಸಮುದಾಯದ ಗಮನಕ್ಕೆ ಇನ್ನೂ ಬಂದಿಲ್ಲ. ಬಂದಾಗಲೂ ನಾವು ಅದನ್ನು ಹೇಗೆ ಬರಮಾಡಿಕೊಂಡೆವು ಎಂಬುದಕ್ಕೆ ನಾನೇ ಸಾಕ್ಷಿ.

ನಮ್ಮ ಜಮಾಅತಿನ ಯುವಕನೊಬ್ಬ ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವೀಧರ. ಬ್ಯಾರಿ, ತುಳು, ಕನ್ನಡ, ಉರ್ದು, ಇಂಗ್ಲಿಷ್ ಬಲ್ಲವನು. ಮದ್ರಸದಲ್ಲಿ ಕಲಿತ ಅರಬಿಯನ್ನು ಮರೆಯದವನು. ಫಿಲಿಪ್ಪೀನ್ಸ್‌ನ ದಕ್ಷಿಣ ಭಾಗವಾದ ಮಿಂಡನಾವೊದಲ್ಲಿ ಎರಡು ವರ್ಷ ಸಂಘರ್ಷ ತಡೆಯುವ ಕಾರ್ಯಕ್ಕೆ ಅಂತಾರಾಷ್ಟ್ರೀಯ ಸಂಸ್ಥೆಯೊಂದು ಅವನನ್ನು ಆಯ್ಕೆ ಮಾಡಿತು. ಊಟ, ವಸತಿ, ವಿಮೆ, ಜೊತೆಗೆ ಸಾಧಾರಣ ಭತ್ಯೆ. ಮನೆಯಲ್ಲಿ ಸಭೆ ಸೇರಿತು. ದಮ್ಮಾಮ್‌ನಲ್ಲಿರುವ ಮಾವ ಫೋನಿನ ಪರದೆಯಲ್ಲಿ ಹಾಜರಾದರು. ಹಿತವಚನ ಹೇಳಲೆಂದು ನನ್ನನ್ನೂ ಕರೆಯಲಾಗಿತ್ತು. ಅವನ ಉಮ್ಮ ಪರದೆಯ ಆಚೆಯಿಂದ ಕೇಳಿದರು: "ಗುಂಡು ಹಾರುವ ಊರಿಗೆ ಹೆತ್ತ ಮಗನನ್ನು ಕಳುಹಿಸುವವರುಂಟೇ ಉಸ್ತಾದರೇ?" ನಾನು ಉತ್ತರಿಸಲಿಲ್ಲ. ಚಹಾ ಕುಡಿದು ಎದ್ದು ಬಂದೆ. ಆ ಹುಡುಗ ಈಗ ಮಾವನ ಬಳಿಯೇ ದಮ್ಮಾಮ್‌ನ ಗೋದಾಮೊಂದರಲ್ಲಿ ಸರಕಿನ ಲೆಕ್ಕ ಬರೆಯುತ್ತಿದ್ದಾನೆ. ಅಂದು ಆ ತಾಯಿಗೆ ಕೊಡಬೇಕಾಗಿದ್ದ ಉತ್ತರವನ್ನು ಇಂದು ಬರೆಯುತ್ತಿದ್ದೇನೆ.

ಗುಂಡು ಹಾರುವ ಊರಿಗೆ ನಾವು ಮಕ್ಕಳನ್ನು ಕಳುಹಿಸುವುದಿಲ್ಲವೇ? 1990ರಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಸುಮಾರು 1,70,000 ಭಾರತೀಯರನ್ನು ಅಮ್ಮಾನ್ ಮೂಲಕ ವಿಮಾನದಲ್ಲಿ ಕರೆತರಬೇಕಾಯಿತು. ಅವರಲ್ಲಿ ನಮ್ಮ ಕರಾವಳಿಯ ಮನೆಗಳವರೂ ಇದ್ದರು. 2015ರಲ್ಲಿ ಯಮನ್‌ನಿಂದ 4,600ಕ್ಕೂ ಹೆಚ್ಚು ಭಾರತೀಯರನ್ನು ಹಡಗು, ವಿಮಾನಗಳಲ್ಲಿ ತರಲಾಯಿತು. 2014ರಲ್ಲಿ ಇರಾಕ್‌ನ ಮೊಸೂಲ್‌ನಲ್ಲಿ ಅಪಹೃತರಾದ 39 ಮಂದಿ ಭಾರತೀಯ ಕಾರ್ಮಿಕರು ಕೊಲ್ಲಲ್ಪಟ್ಟರೆಂಬುದು 2018ರಲ್ಲಿ ದೃಢಪಟ್ಟಿತು. ಇವರೆಲ್ಲ ಹೊಟ್ಟೆಪಾಡಿಗಾಗಿ ಹೋದವರು. ಅವರ ಬೆವರನ್ನು ಹಗುರ ಮಾಡುವ ಅಧಿಕಾರ ನನಗಿಲ್ಲ. ನನ್ನ ವಿದ್ಯಾಭ್ಯಾಸವೂ ಗಲ್ಫ್‌ನಿಂದ ಬಂದ ಹಣದಲ್ಲೇ ನಡೆದದ್ದು. ಆದರೆ ಕುವೈತ್‌ನಿಂದ ಬರಿಗೈಯಲ್ಲಿ ಮರಳಿದ ಮನೆಗಳೇ ಯುದ್ಧ ಮುಗಿಯುತ್ತಲೇ ಮತ್ತೆ ವೀಸಾಕ್ಕಾಗಿ ಬೊಂಬಾಯಿಗೆ ಓಡಿದ್ದನ್ನು ನಾವು ಕಂಡಿದ್ದೇವೆ. ಆದ್ದರಿಂದ ನಮ್ಮನ್ನು ತಡೆಯುತ್ತಿರುವುದು ಯುದ್ಧದ ಭಯವೆಂದು ಹೇಳುವುದನ್ನು ಬಿಟ್ಟುಬಿಡೋಣ. ಸಂಬಳ ಸಾಕಷ್ಟಿದ್ದರೆ ನಾವು ಯುದ್ಧಕ್ಕೆ ಹೆದರುವ ಜನರಲ್ಲ.

ಮತ್ತೊಂದೆಡೆ, ಜಗತ್ತಿನ ಶಾಂತಿಯ ಬಗ್ಗೆ ನಮ್ಮಷ್ಟು ಮಾತನಾಡುವವರು ವಿರಳ. ಗಾಝಾದ ಮೇಲೆ ಬಾಂಬು ಬಿದ್ದರೆ ನಮ್ಮ ಪಟ್ಟಣದಲ್ಲಿ ಮೆರವಣಿಗೆ ಹೊರಡುತ್ತದೆ. ಖುತ್ಬಾದಲ್ಲಿ ಕಣ್ಣೀರಿನ ದುಆ ನಡೆಯುತ್ತದೆ. ವಂತಿಗೆ ಸಂಗ್ರಹವಾಗುತ್ತದೆ. ನಮ್ಮ ಪತ್ರಿಕೆಗಳೂ ವಿಶೇಷ ಸಂಚಿಕೆ ತರುತ್ತವೆ. ಇವೆಲ್ಲ ಬೇಕಾದವುಗಳೇ. ಆದರೆ 2003ರ ಮಾರ್ಚ್ 16ರಂದು ರಫಾದಲ್ಲಿ ಫೆಲೆಸ್ತೀನಿಯನೊಬ್ಬನ ಮನೆಯನ್ನು ಉಳಿಸಲೆಂದು ಇಸ್ರೇಲ್‌ನ ಬುಲ್ಡೋಜರ್ ಎದುರು ನಿಂತು ಸತ್ತ ರೇಚಲ್ ಕೋರಿ ಇಪ್ಪತ್ತಮೂರು ವರ್ಷದ ಅಮೆರಿಕನ್ ಹುಡುಗಿ. ಅಬೂ ಗುರೈಬ್ ಜೈಲಿನ ಚಿತ್ರಗಳು 2004ರ ಏಪ್ರಿಲ್‌ನಲ್ಲಿ ಜಗತ್ತಿಗೆ ಗೊತ್ತಾದವು. ಅದಕ್ಕೂ ಮೊದಲೇ ಇರಾಕಿ ಬಂಧಿಗಳ ಮನೆಮನೆಗೆ ಹೋಗಿ ಹೇಳಿಕೆಗಳನ್ನು ದಾಖಲಿಸಿದವರು ಕ್ರಿಶ್ಚಿಯನ್ ಪೀಸ್‌ಮೇಕರ್ ಟೀಮ್ಸ್ ಎಂಬ ಪುಟ್ಟ ತಂಡದವರು. ಆ ತಂಡದ ಟಾಮ್ ಫಾಕ್ಸ್ 2005ರ ನವೆಂಬರಿನಲ್ಲಿ ಬಗ್ದಾದ್‌ನಲ್ಲಿ ಅಪಹರಿಸಲ್ಪಟ್ಟು 2006ರ ಮಾರ್ಚಿನಲ್ಲಿ ಹೆಣವಾಗಿ ದೊರೆತರು. ರೇಚಲ್ ಬಗ್ಗೆ ನಾವು ಕವಿತೆ ಬರೆದೆವು, ಲೇಖನ ಬರೆದೆವು, ನಮ್ಮ ಹೆಣ್ಣುಮಕ್ಕಳ ಭಾಷಣ ಸ್ಪರ್ಧೆಗೆ ಅವಳನ್ನು ವಿಷಯವಾಗಿಸಿದೆವು. ಹೀಗೆ ಹೊಗಳಿದ ಯಾವ ಮನೆಯಲ್ಲಾದರೂ, ಇಂತಹ ಕೆಲಸಕ್ಕೆ ನಮ್ಮ ಮಗಳೋ ಮಗನೋ ಹೋಗಬಹುದೇ ಎಂಬ ಮಾತು ಬಂದಿತೇ? ಇತರರ ಮಕ್ಕಳ ತ್ಯಾಗವನ್ನು ಕೊಂಡಾಡುವುದರಲ್ಲಿ ನಾವು ಎಂದೂ ಜಿಪುಣರಾಗಿಲ್ಲ.

ರೇಚಲ್ ಮಾಡಿದ್ದು ಶೋಷಿತರ ಪಕ್ಷದಲ್ಲಿ ನಿಲ್ಲುವ ಕೆಲಸ. ಬೋರ್‌ನ ಆ ಇಬ್ಬರು ಮಾಡಿದ್ದು ಎರಡೂ ಪಕ್ಷಗಳ ನಡುವೆ ನಿಲ್ಲುವ ಕೆಲಸ. ಎರಡಕ್ಕೂ ಅಂತರವಿದೆ. ಎರಡನೆಯದು ಹೇಗೆ ನಡೆಯುತ್ತದೆಂಬುದನ್ನು ತಿಳಿಯಲು ಆ ಹುಡುಗ ಹೋಗಬೇಕಾಗಿದ್ದ ಮಿಂಡನಾವೊವನ್ನೇ ನೋಡೋಣ.

ಅಲ್ಲಿನ ಮೋರೊ ಮುಸ್ಲಿಮರ ಸಶಸ್ತ್ರ ಹೋರಾಟಕ್ಕೂ ಫಿಲಿಪ್ಪೀನ್ಸ್ ಸರಕಾರಕ್ಕೂ ದಶಕಗಳ ಯುದ್ಧ. ಕದನವಿರಾಮಗಳು ಆಗುತ್ತಿದ್ದವು, ಮುರಿಯುತ್ತಿದ್ದವು. 2000, 2003, 2008 ಹೀಗೆ ಪ್ರತಿ ಬಾರಿಯೂ ಲಕ್ಷಾಂತರ ಮಂದಿ ಹಳ್ಳಿ ಬಿಟ್ಟು ಓಡಿದರು. ಹೊರಗಿನ ಪತ್ರಿಕೆಗಳಲ್ಲಿ ಇದು ಮುಸ್ಲಿಮ್-ಕ್ರೈಸ್ತ ಯುದ್ಧವೆಂದು ಬರುತ್ತಿತ್ತು. ಆದರೆ ಹಳ್ಳಿಯ ಮಟ್ಟದಲ್ಲಿ ಎಷ್ಟೋ ಬಾರಿ ಮೊದಲ ಗುಂಡು ಹಾರುತ್ತಿದ್ದುದು 'ರೀಡೊ'ದಿಂದ. ರೀಡೊ ಎಂದರೆ ಮನೆತನಗಳ ನಡುವಿನ ಹಗೆ. ಗದ್ದೆಯ ಗಡಿ, ಚುನಾವಣೆಯ ಸೋಲು, ಮಾನದ ಪ್ರಶ್ನೆ, ಯಾವುದೂ ಕಾರಣವಾಗಬಹುದು. 1930ರ ದಶಕದಿಂದ 2005ರವರೆಗೆ ಇಂತಹ 1,200ಕ್ಕೂ ಹೆಚ್ಚು ಹಗೆಗಳನ್ನೂ ಅವುಗಳಲ್ಲಿ 5,500ಕ್ಕೂ ಹೆಚ್ಚು ಸಾವುಗಳನ್ನೂ ಸಂಶೋಧಕರು ದಾಖಲಿಸಿದ್ದಾರೆ. ಬಹುಪಾಲು ಹಗೆ ಮುಸ್ಲಿಮ್ ಮನೆತನಗಳ ನಡುವೆಯೇ.

ಈಗ ಹೀಗೆ ಕಲ್ಪಿಸಿಕೊಳ್ಳಿ. ಎರಡು ಮನೆತನಗಳು ಒಂದು ತುಂಡು ಗದ್ದೆಗಾಗಿ ಜಗಳವಾಡುತ್ತವೆ. ಒಂದು ಮನೆಯ ಅಳಿಯ ಬಂಡುಕೋರರ ಪಡೆಯಲ್ಲಿದ್ದಾನೆ. ಇನ್ನೊಂದು ಮನೆಯ ಮಗ ಸರಕಾರದ ಅರೆಸೈನಿಕ ಪಡೆಯಲ್ಲಿದ್ದಾನೆ. ರಾತ್ರಿ ಗುಂಡಿನ ಸದ್ದು ಕೇಳುತ್ತದೆ. ಬಂಡುಕೋರರು ಕದನವಿರಾಮ ಮುರಿದರೆಂದು ಸೇನೆಯ ಶಿಬಿರಕ್ಕೆ ಸುದ್ದಿ ಹೋಗುತ್ತದೆ. ಸೇನೆ ಮೇಲೇರಿ ಬರುತ್ತಿದೆಯೆಂದು ಬಂಡುಕೋರರಿಗೆ ಸುದ್ದಿ ಹೋಗುತ್ತದೆ. ಬೆಳಗಾಗುವಷ್ಟರಲ್ಲಿ ಫಿರಂಗಿ ಗರ್ಜಿಸುತ್ತದೆ. ಗದ್ದೆಯ ಜಗಳದ ಗಂಧಗಾಳಿಯಿಲ್ಲದ ಸಾವಿರ ಕುಟುಂಬಗಳು ಪಾತ್ರೆಪಗಡಿ ಹೊತ್ತು ಹೆದ್ದಾರಿಯ ಬದಿಗೆ ಬಂದು ಬೀಳುತ್ತವೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ಗಾದೆ ಅಲ್ಲಿ ಅಕ್ಷರಶಃ ನಿಜವಾಗುತ್ತಿತ್ತು.

ಇಲ್ಲಿ ನಿಶ್ಶಸ್ತ್ರ ಶಾಂತಿ ಕಾರ್ಯಕರ್ತನ ಕೆಲಸವೇನು? ಅವನು ಆ ಹಳ್ಳಿಯಲ್ಲೇ ವಾಸಿಸುತ್ತಾನೆ. ಸೇನೆಯ ಅಧಿಕಾರಿಯ ಫೋನ್ ಸಂಖ್ಯೆಯೂ ಬಂಡುಕೋರರ ನಾಯಕನ ಫೋನ್ ಸಂಖ್ಯೆಯೂ ಅವನ ಬಳಿ ಇರುತ್ತದೆ. ಇಬ್ಬರೊಡನೆಯೂ ತಿಂಗಳುಗಟ್ಟಲೆ ಕುಳಿತು ಚಹಾ ಕುಡಿದಿರುತ್ತಾನೆ. ಗುಂಡಿನ ಸದ್ದು ಕೇಳಿದ ಕೂಡಲೇ ಸ್ಥಳೀಯ ಸಂಗಾತಿಗಳ ಜೊತೆ ವಿಚಾರಿಸಿ, ಇದು ಯುದ್ಧವಲ್ಲ, ಇಂಥ ಮತ್ತು ಇಂಥ ಮನೆಯವರ ರೀಡೊ ಎಂದು ಖಚಿತಪಡಿಸಿಕೊಳ್ಳುತ್ತಾನೆ. ಅದನ್ನು ಎರಡೂ ಕಡೆಯ ಕದನವಿರಾಮ ಸಮಿತಿಗಳಿಗೆ ಕೆಲವೇ ಗಂಟೆಗಳಲ್ಲಿ ಮುಟ್ಟಿಸುತ್ತಾನೆ. ಪಡೆಗಳು ದೂರ ನಿಲ್ಲುತ್ತವೆ; ಮನೆತನಗಳ ನಡುವೆ ಸಂಧಾನಕ್ಕೆ ಊರ ಹಿರಿಯರು ಕೂರುತ್ತಾರೆ. ನಾಳಿನ ಪತ್ರಿಕೆಯಲ್ಲಿ ಯಾವ ಸುದ್ದಿಯೂ ಇರುವುದಿಲ್ಲ. ಈ ಕೆಲಸ ಯಶಸ್ವಿಯಾದರೆ ಸುದ್ದಿಯೇ ಆಗುವುದಿಲ್ಲ ಎಂಬ ಕಾರಣಕ್ಕೂ ಇರಬಹುದು, ಸನ್ಮಾನ ಸಮಾರಂಭಗಳ ಪ್ರಿಯರಾದ ನಮಗೆ ಇದು ಕಾಣಿಸದೇ ಹೋದದ್ದು.

ನಾನ್‌ವಯಲೆಂಟ್ ಪೀಸ್‌ಫೋರ್ಸ್ 2007ರಲ್ಲಿ ಮಿಂಡನಾವೊದಲ್ಲಿ ಕೆಲಸ ಆರಂಭಿಸಿತು. 2009ರ ಒಪ್ಪಂದದಲ್ಲಿ ಸರಕಾರವೂ ಬಂಡುಕೋರರೂ ಸೇರಿ, ಮಲೇಶ್ಯಾದ ನೇತೃತ್ವದ ಅಂತಾರಾಷ್ಟ್ರೀಯ ನಿಗಾ ತಂಡಕ್ಕೆ ನಾಗರಿಕರ ರಕ್ಷಣೆಯ ವಿಭಾಗವೊಂದನ್ನು ಸೇರಿಸಿದರು. ಈ ಸಂಸ್ಥೆಯೂ ಸ್ಥಳೀಯ ಸಂಘಟನೆಗಳೂ ಅದರಲ್ಲಿ ಪಾಲುಗೊಂಡವು. 2014ರ ಮಾರ್ಚ್‌ನಲ್ಲಿ ಸಮಗ್ರ ಒಪ್ಪಂದಕ್ಕೆ ಸಹಿ ಬಿತ್ತು. ಸರಕಾರದ ಸಂಧಾನ ತಂಡದ ಮುಖ್ಯಸ್ಥೆ ಮಿರಿಯಮ್ ಕೊರೊನೆಲ್-ಫೆರರ್ ಎಂಬ ಮಹಿಳೆ. 2019ರಲ್ಲಿ ಬಂಗ್ಸಮೊರೊ ಸ್ವಾಯತ್ತ ಪ್ರದೇಶ ಅಸ್ತಿತ್ವಕ್ಕೆ ಬಂತು. ಈ ಹಾದಿಯಲ್ಲಿ ಇಂಡೋನೇಶ್ಯಾದ ಮುಹಮ್ಮದಿಯಾ ಸಂಘಟನೆ ಅಂತಾರಾಷ್ಟ್ರೀಯ ಸಂಪರ್ಕ ಗುಂಪಿನಲ್ಲಿ ಕುಳಿತಿತ್ತು. ಒಪ್ಪಂದದ ಜಾರಿಯನ್ನು ನೋಡಿಕೊಳ್ಳುವ ತಂಡದಲ್ಲಿ ತುರ್ಕಿಯ ಐಎಚ್ಎಚ್ ಇತ್ತು. ಅಂದರೆ ಮುಸ್ಲಿಮ್ ಸಂಘಟನೆಗಳು ಈ ಕೆಲಸ ಮಾಡುತ್ತವೆ, ಮಾಡಬಲ್ಲವು. ಆದರೆ ಭಾರತದ ನಮ್ಮ ಸಂಘಟನೆಗಳ ವಾರ್ಷಿಕ ವರದಿಗಳಲ್ಲಿ, ನೆರೆ ಪರಿಹಾರ, ಸಾಮೂಹಿಕ ವಿವಾಹ, ಇಫ್ತಾರ್ ಕೂಟಗಳ ಪಕ್ಕದಲ್ಲಿ, ಹೀಗೆ ಕಳುಹಿಸಿದ ಒಬ್ಬನ ಹೆಸರನ್ನಾದರೂ ನೀವು ಓದಿದ್ದೀರಾ? ನಾನು ಓದಿಲ್ಲ.

ವಿಪರ್ಯಾಸವೆಂದರೆ ಈ ಕಲ್ಪನೆಯ ಬೇರುಗಳು ನಮ್ಮ ನೆಲದಲ್ಲೇ ಇವೆ. ವಿನೋಬಾ 1957ರಲ್ಲಿ ಕಟ್ಟಿದ ಶಾಂತಿಸೇನೆಯ ಅನುಭವವನ್ನು ಹೊತ್ತ ನಾರಾಯಣ ದೇಸಾಯಿ 1981ರಲ್ಲಿ ಪೀಸ್ ಬ್ರಿಗೇಡ್ಸ್ ಇಂಟರ್‌ನ್ಯಾಶನಲ್‌ನ ಸ್ಥಾಪಕರಲ್ಲಿ ಒಬ್ಬರಾದರು. ನಾನ್‌ವಯಲೆಂಟ್ ಪೀಸ್‌ಫೋರ್ಸ್‌ನ ಸ್ಥಾಪನಾ ಸಮಾವೇಶ ನಡೆದದ್ದು 2002ರಲ್ಲಿ, ದಿಲ್ಲಿಯ ಪಕ್ಕದ ಸೂರಜ್‌ಕುಂಡದಲ್ಲಿ. ಇವೆರಡಕ್ಕೂ ಮುನ್ನ, 1929ರಲ್ಲಿ ಖುದಾಯಿ ಖಿದ್ಮತ್‌ಗಾರ್ ಕಟ್ಟಿ ಪಠಾಣರ ಕೈಯಿಂದ ಬಂದೂಕು ಇಳಿಸಿದ ಖಾನ್ ಅಬ್ದುಲ್ ಗಫ್ಫಾರ್ ಖಾನ್, 1947ರಲ್ಲಿ ಗಲಭೆಯಿಂದ ಬೆಂದ ಬಿಹಾರದ ಹಳ್ಳಿಗಳಲ್ಲಿ ತಿರುಗಿದ್ದರು. ಭಾಷೆ ಬೇರೆ, ಉಡುಪು ಬೇರೆ, ನೆಲ ಬೇರೆ. ಆ ದಿನಗಳಲ್ಲಿ ಸರಹದ್ದು ಪ್ರಾಂತದ ಪಠಾಣನಿಗೆ ಬಿಹಾರವೂ ಒಂದು ವಿದೇಶವೇ. ಸೈನಿಕರ ಸಾಲಿನಲ್ಲಿ ನೋಡಿದರೆ ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು ಸೈಪ್ರಸ್‌ನಲ್ಲಿ ಗ್ರೀಕರು ಮತ್ತು ತುರ್ಕರ ನಡುವೆ ವಿಶ್ವಸಂಸ್ಥೆಯ ಪಡೆಯನ್ನು ಮುನ್ನಡೆಸುತ್ತಿರುವಾಗಲೇ 1965ರಲ್ಲಿ ಅಲ್ಲಿಯೇ ನಿಧನರಾದರು. ಇಷ್ಟಿದ್ದೂ, ಇದು ಬಿಳಿಯರ ಹವ್ಯಾಸವೆಂದು ನಮ್ಮ ವಿದ್ಯಾವಂತರು ಮೂಗು ಮುರಿಯುತ್ತಾರೆ.

ಆ ಟೀಕೆಯಲ್ಲಿ ಅರ್ಧ ಸತ್ಯವಿದೆ ಎಂದು ಒಪ್ಪುತ್ತೇನೆ. ಹಣ ಕಟ್ಟಿ ಎರಡು ವಾರ ಬಡ ದೇಶಕ್ಕೆ ಹೋಗಿ, ಮಕ್ಕಳನ್ನು ತಬ್ಬಿ ಫೋಟೋ ತೆಗೆಸಿಕೊಂಡು ಬರುವ ಸೇವಾ ಪ್ರವಾಸಗಳು ದಂಧೆಯಾಗಿವೆ. ಕಾಂಬೋಡಿಯಾದಲ್ಲಿ ಪ್ರವಾಸಿಗರು ಹೆಚ್ಚಿದಂತೆ ಅನಾಥಾಲಯಗಳೂ ಹೆಚ್ಚಿದವು. ಅಲ್ಲಿದ್ದ ಬಹುಪಾಲು ಮಕ್ಕಳಿಗೆ ತಂದೆಯೋ ತಾಯಿಯೋ ಜೀವಂತವಾಗಿಯೇ ಇದ್ದರು. ಅದಕ್ಕೂ ನಾನು ಹೇಳುತ್ತಿರುವುದಕ್ಕೂ ಸಂಬಂಧವಿಲ್ಲ. ಒಂದೆರಡು ವರ್ಷ ಒಂದೇ ಕಡೆ ಬೇರೂರುವ, ಭಾಷೆ ಕಲಿಯುವ, ಸ್ಥಳೀಯರು ಕರೆದರೆ ಮಾತ್ರ ಹೋಗುವ ಕೆಲಸವಿದು. ಬಿಳಿಯನ ಪಾಸ್‌ಪೋರ್ಟಿಗೆ ಬಂದೂಕು ಹೆದರುತ್ತದೆ, ನಮ್ಮದಕ್ಕೆ ಹೆದರೀತೇ ಎಂದು ಕೇಳುವವರಿದ್ದಾರೆ. ಗ್ವಾಟೆಮಾಲಾದಲ್ಲಿ 1985ರಲ್ಲಿ ಕಾಣೆಯಾದವರ ಕುಟುಂಬಗಳ ಸಂಘದ ಇಬ್ಬರು ನಾಯಕರು ಕೊಲೆಯಾದ ಮೇಲೆ, ಉಳಿದವರ ಬೆನ್ನಿಗೆ ಹಗಲಿರುಳು ಪೀಸ್ ಬ್ರಿಗೇಡ್ಸ್‌ನ ವಿದೇಶಿಯರು ನಿಂತರು. ಅಲ್ಲಿ ಪಾಸ್‌ಪೋರ್ಟಿನ ಬಣ್ಣ ಖಂಡಿತ ಕೆಲಸ ಮಾಡಿತು. ಆದರೆ ಮಿಂಡನಾವೊದ ರೀಡೊದಲ್ಲಿ ಕೆಲಸ ಮಾಡುವುದು ನಂಬಿಕೆ. ಮಸೀದಿಯ ಜಗಲಿಯಲ್ಲಿ ಕುಳಿತು ಸಲಾಮ್ ಹೇಳಿ ಮಾತಿಗಾರಂಭಿಸಬಲ್ಲ ನಮ್ಮ ಹುಡುಗನಿಗೆ ಅದು ಬೇರೆಯವರಿಗಿಂತ ಬೇಗ ದೊರೆಯುತ್ತಿತ್ತು. ಅವನು ಅದನ್ನು ಈಗ ಗೋದಾಮಿನಲ್ಲಿ ಪೆಟ್ಟಿಗೆ ಎಣಿಸಲು ಬಳಸುತ್ತಿದ್ದಾನೆ.

ಮನೆಯೊಳಗೇ ಬೆಂಕಿಯಿರುವಾಗ ಊರಾಚೆಗೇಕೆ ಎಂಬುದು ಇನ್ನೊಂದು ಆಕ್ಷೇಪ. ಕರಾವಳಿಯಲ್ಲಿ ಬದುಕುವ ನನಗೆ ಮನೆಯ ಬೆಂಕಿಯನ್ನು ಯಾರೂ ಪರಿಚಯಿಸಬೇಕಾಗಿಲ್ಲ. ಆದರೆ ಇಲ್ಲಿ ಗಲಭೆಯಾದಾಗ ನಮ್ಮ ಹುಡುಗ ನಡುವೆ ನಿಂತರೆ ಅವನ ಹೆಸರೇ ಅವನನ್ನು ಒಂದು ಪಕ್ಷಕ್ಕೆ ಸೇರಿಸಿಬಿಡುತ್ತದೆ. ಹೊರಗಿನವನ ಶಕ್ತಿಯಿರುವುದು ಅಲ್ಲೇ: ಅವನಿಗೆ ಆ ಊರಿನ ಗದ್ದೆ ಬೇಡ, ಮತ ಬೇಡ, ಸೇಡೂ ಇಲ್ಲ. ಮಾತ್ರವಲ್ಲ, ಸುಳ್ಳು ಸುದ್ದಿ ಯಾವ ಬಾಯಿಂದ ಹೊರಟು ಎಷ್ಟು ಗಂಟೆಯಲ್ಲಿ ಎಲ್ಲಿಗೆ ಮುಟ್ಟುತ್ತದೆಂದು ಪತ್ತೆಹಚ್ಚಲು, ಪೊಲೀಸ್ ಅಧಿಕಾರಿಯೊಡನೆಯೂ ರೊಚ್ಚಿಗೆದ್ದ ಗುಂಪಿನೊಡನೆಯೂ ಒಂದೇ ಸ್ವರದಲ್ಲಿ ಮಾತನಾಡಲು ಎರಡು ವರ್ಷ ಅಲ್ಲಿ ಕಲಿತವನು ಇಲ್ಲಿಗೆ ಮರಳುತ್ತಾನೆ. ನಮ್ಮ ಪಟ್ಟಣದ ಶಾಂತಿ ಸಮಿತಿಯ ಸಭೆಯಲ್ಲಿ ಸಾಲಾಗಿ ಕುಳಿತು ಬಾದಾಮಿ ಹಾಲು ಕುಡಿದು ಏಳುವ ನಾವು, ಇವುಗಳಲ್ಲಿ ಒಂದನ್ನಾದರೂ ಬಲ್ಲೆವೇ?

ಈ ಸಂಸ್ಥೆಗಳನ್ನು ಕಟ್ಟಿದವರು ಕ್ರೈಸ್ತರು, ಗಾಂಧಿವಾದಿಗಳು. ಅವರ ಕೈಕೆಳಗೆ ನಾವೇಕೆ ಎನ್ನುವವರಿಗೆ ಪ್ರವಾದಿ ಮುಹಮ್ಮದ್(ಸ)ರ ಯೌವನದ ಒಂದು ಘಟನೆಯನ್ನು ನೆನಪಿಸಬೇಕಾಗಿದೆ. ಯಮನಿನಿಂದ ಬಂದ ವ್ಯಾಪಾರಿಯೊಬ್ಬನಿಗೆ ಮಕ್ಕಾದ ಪ್ರಬಲನೊಬ್ಬ ಸರಕಿನ ಹಣ ಕೊಡದೆ ವಂಚಿಸಿದ. ಪರವೂರಿನವನಾದ್ದರಿಂದ ಅವನ ಬೆನ್ನಿಗೆ ಗೋತ್ರವಿರಲಿಲ್ಲ. ಆಗ ಅಬ್ದುಲ್ಲಾ ಬಿನ್ ಜುದ್ಆನ್‌ರ ಮನೆಯಲ್ಲಿ ಕೆಲವರು ಸೇರಿ, ಮರ್ದಿತ ಯಾರೇ ಆಗಿರಲಿ ಅವನ ಪರ ನಿಲ್ಲುತ್ತೇವೆಂದು ಪ್ರತಿಜ್ಞೆ ಮಾಡಿದರು. ಅದೇ ಹಿಲ್ಫುಲ್ ಫುಝೂಲ್. ಪ್ರವಾದಿ(ಸ) ಅದರಲ್ಲಿ ಭಾಗವಹಿಸಿದ್ದರು. ಪ್ರವಾದಿತ್ವ ಲಭಿಸಿದ ನಂತರವೂ, ಅಂತಹ ಕರಾರಿಗೆ ಕರೆದರೆ ಈಗಲೂ ಓಗೊಡುವೆನೆಂದು ಅವರು ಹೇಳಿದ್ದನ್ನು ನಾವು ಮದ್ರಸದಲ್ಲಿ ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೇವೆ. ಆ ಮನೆಯಲ್ಲಿ ಸೇರಿದ್ದವರ ಧರ್ಮ ಯಾವುದಾಗಿತ್ತೆಂದು ಯಾವ ಪರೀಕ್ಷೆಯಲ್ಲೂ ನಮ್ಮನ್ನು ಕೇಳಲಿಲ್ಲ.

ಇನ್ನುಳಿದದ್ದು ಎರಡು ಭಯಗಳು. ಇವೆರಡೂ ನಿಜವಾದವು. ಒಂದು, ಪ್ರಾಣಭಯ. 1993ರ ಏಪ್ರಿಲ್ 8ರಂದು ಕಾಂಬೋಡಿಯಾದಲ್ಲಿ ಚುನಾವಣೆಗೆ ಜನರನ್ನು ಸಿದ್ಧಗೊಳಿಸುತ್ತಿದ್ದ ವಿಶ್ವಸಂಸ್ಥೆಯ ಸ್ವಯಂಸೇವಕ, ಜಪಾನಿನ ಅತ್ಸುಹಿಟೊ ನಕಾತಾ ಗುಂಡಿಗೆ ಬಲಿಯಾದ. ಅವನ ವಯಸ್ಸು ಇಪ್ಪತ್ತೈದು. ಅವನೊಂದಿಗೆ ಕಾಂಬೋಡಿಯಾದ ದುಭಾಷಿಯೂ ಸತ್ತ. ಅವನ ತಂದೆ ತನ್ನ ಉದ್ಯೋಗ ಬಿಟ್ಟು, ವಿಶ್ವಸಂಸ್ಥೆಯ ಸ್ವಯಂಸೇವಕರ ಗೌರವ ರಾಯಭಾರಿಯಾಗಿ ದೇಶದೇಶ ತಿರುಗಿದರು. ಆ ತಂದೆಯಂತೆ ಎಲ್ಲ ತಂದೆಯರೂ ಆಗಬೇಕೆಂದು ನಾನು ಹೇಳಲಾರೆ. ಇದು ಅಪಾಯದ ಕೆಲಸವೆಂಬುದನ್ನು ಮುಚ್ಚಿಟ್ಟು ಯಾರ ಮಗನನ್ನೂ ಕರೆಯಬಾರದು. ಸೋಲೂ ಇದೆ. 2003ರಿಂದ ಶ್ರೀಲಂಕಾದ ಮುತ್ತೂರು, ವಾಳೈಚ್ಚೇನೈಗಳಲ್ಲಿ ತಮಿಳರು ಮತ್ತು ಮುಸ್ಲಿಮರ ನಡುವೆ ಓಡಾಡಿದ ಶಾಂತಿ ಕಾರ್ಯಕರ್ತರಿಗೆ ಯುದ್ಧವನ್ನು ನಿಲ್ಲಿಸಲಾಗಲಿಲ್ಲ. ಆದರೆ 2008ರ ಸೆಪ್ಟೆಂಬರಿನಲ್ಲಿ ಸರಕಾರ ಮಾಡಿದ್ದನ್ನು ಗಮನಿಸಿ: ಅಂತಿಮ ದಾಳಿಗೆ ಮೊದಲು ವನ್ನಿ ಪ್ರದೇಶದಿಂದ ವಿಶ್ವಸಂಸ್ಥೆ ಹಾಗೂ ವಿದೇಶಿ ಸಂಸ್ಥೆಗಳನ್ನು ಹೊರಗೆ ಕಳುಹಿಸಿತು. ಕಿಳಿನೊಚ್ಚಿಯ ಜನ ಕಚೇರಿಯ ಗೇಟಿನ ಮುಂದೆ ನಿಂತು, ಹೋಗಬೇಡಿರೆಂದು ಅಂಗಲಾಚಿದರು. ಅವರು ಹೋದರು. ನಂತರ 40,000ದಷ್ಟು ನಾಗರಿಕರು ಸತ್ತಿರಬಹುದೆಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ 2011ರಲ್ಲಿ ಹೇಳಿತು. ನಿರಾಯುಧನಾದ ಒಬ್ಬ ಹೊರಗಿನವನ ಕಣ್ಣಿಗೆ ಎಷ್ಟು ಬೆಲೆಯಿದೆಯೆಂಬುದು ನಮಗೆ ಗೊತ್ತಿಲ್ಲದಿದ್ದರೂ ಕೊಲ್ಲಹೊರಟವರಿಗೆ ಚೆನ್ನಾಗಿ ಗೊತ್ತಿದೆ.

ಎರಡನೆಯ ಭಯವನ್ನು ಯಾರೂ ಸಭೆಯಲ್ಲಿ ಗಟ್ಟಿಯಾಗಿ ಹೇಳುವುದಿಲ್ಲ. ಅಂದು ಮಾವ ಫೋನಿನಲ್ಲಿ ದನಿ ತಗ್ಗಿಸಿ ಹೇಳಿದ್ದು ಇದನ್ನೇ: "ಮುಸಲ್ಮಾನ ಹುಡುಗ ಯುದ್ಧ ನಡೆಯುವ ಕಡೆಗೆ ಹೋದರೆ ನಾಳೆ ಮನೆಬಾಗಿಲಿಗೆ ಯಾರು ಬರುತ್ತಾರೆ ಗೊತ್ತಲ್ಲ?" ಗೊತ್ತಿದೆ. ಹೆಸರಿನ ಕಾರಣಕ್ಕಾಗಿ ವಿಮಾನ ನಿಲ್ದಾಣದಲ್ಲಿ ಪಕ್ಕಕ್ಕೆ ನಿಲ್ಲಿಸಲ್ಪಟ್ಟವನು ನಾನೂ ಹೌದು. ಹಾಗೆಂದೇ ಈ ದಾರಿ ಹಗಲು ಬೆಳಕಿನಲ್ಲಿ, ದಾಖಲೆಗಳೊಂದಿಗೆ ಆಗಬೇಕು: ಬಾನ್ ನಗರದಲ್ಲಿ ಕೇಂದ್ರ ಕಚೇರಿಯುಳ್ಳ ವಿಶ್ವಸಂಸ್ಥೆಯ ಸ್ವಯಂಸೇವಕ ಕಾರ್ಯಕ್ರಮದಂತಹ, ಪ್ರಕಟಣೆ, ಕರಾರು, ವೀಸಾ ಎಲ್ಲವೂ ಬಹಿರಂಗವಾಗಿರುವ ಮಾರ್ಗದಲ್ಲಿ. ಜಮಾಅತಿನ ಪತ್ರವೂ ಊರಿನ ಕಾಲೇಜಿನ ಪತ್ರವೂ ಅವನ ಕೈಯಲ್ಲಿರಲಿ. ಅನ್ಯಾಯವನ್ನು ಕಂಡು ಕುದಿಯುವ ಹುಡುಗನ ಮುಂದೆ ನಾವು ಈವರೆಗೆ ಇಟ್ಟಿರುವುದು ಎರಡೇ ದಾರಿ: ಘೋಷಣೆ ಕೂಗು, ಇಲ್ಲವೇ ಸುಮ್ಮನಿರು. ಮೂರನೆಯ ದಾರಿಯನ್ನು ನಡುರಾತ್ರಿ ಮೊಬೈಲಿನಲ್ಲಿ ತೋರಿಸುವ ದುಷ್ಟರು ಇದ್ದಾರೆಂಬುದನ್ನು 2014ರ ನಂತರ ಅನೇಕ ದೇಶಗಳ ತಂದೆತಾಯಿಯರು ತಡವಾಗಿ ತಿಳಿದರು. ಬಾಗಿಲು ಮುಚ್ಚಿಟ್ಟರೆ ಮನೆ ಸುರಕ್ಷಿತವೆಂದು ಭಾವಿಸುವುದು ಮೌಢ್ಯ.

ಕೊನೆಗೆ ಉಳಿಯುವುದು ಹಣ. ಆ ಮನೆಯವರ ನಿಜವಾದ ಕಷ್ಟವೂ ಅದೇ ಎಂದು ನನಗೆ ನಂತರ ತಿಳಿಯಿತು. ತಂಗಿಯ ಮದುವೆಗೆ ಮಾಡಿದ ಸಾಲದ ಕಂತನ್ನು ಶಾಂತಿ ಕಾರ್ಯಕರ್ತನ ಭತ್ಯೆಯಲ್ಲಿ ಕಟ್ಟಲಾಗದು. ಅದೇ ವರ್ಷ ನಮ್ಮ ಜಮಾಅತ್ ಮಸೀದಿಯ ಹೊರಗೋಡೆಗೆ ಗ್ರಾನೈಟ್ ಹಾಕಿಸಿತು. ಉದ್ಘಾಟನೆಗೆ ಮೂವರು ಜನಪ್ರತಿನಿಧಿಗಳು ಬಂದಿದ್ದರು. ಆ ಗೋಡೆಗೆ ಖರ್ಚಾದುದರಲ್ಲಿ ಒಂದು ಮನೆಯ ಎರಡು ವರ್ಷಗಳ ಸಾಲದ ಕಂತು ಧಾರಾಳವಾಗಿ ತೀರುತ್ತಿತ್ತು. ಮುಂದಿನ ಜಮಾಅತ್ ಸಭೆಯಲ್ಲಿ ಈ ಮಾತನ್ನು ನಾನು ಎತ್ತುವವನಿದ್ದೇನೆ. ನಿಮ್ಮ ಊರಿನಲ್ಲಿ ನೀವು ಎತ್ತಿರಿ. ಒಂದು ಜಿಲ್ಲೆಯ ಜಮಾಅತ್‌ಗಳೆಲ್ಲ ಸೇರಿ ವರ್ಷಕ್ಕೆ ಒಬ್ಬನನ್ನು, ಒಬ್ಬಳನ್ನು ಕಳುಹಿಸಿದರೂ ಆದೀತು. ಹೆಣ್ಣುಮಕ್ಕಳ ವಿಚಾರದಲ್ಲಿ ಉಲಮಾಗಳು ಕುಳಿತು ಚರ್ಚಿಸಲಿ. ಆದರೆ ನರ್ಸ್ ಆಗಿ ರಿಯಾದಿಗೆ ಹೋಗುವಾಗ ಏಳದ ಪ್ರಶ್ನೆಗಳು ಇಲ್ಲಿ ಮಾತ್ರ ಏಳದಿರಲಿ.

ಕಳೆದ ಶುಕ್ರವಾರ ದಮ್ಮಾಮ್‌ನಿಂದ ಆ ಹುಡುಗನ ಫೋನ್ ಬಂದಿತ್ತು. ಅಂತಹ ಹುದ್ದೆಗಳಿಗೆ ಮತ್ತೆ ಅರ್ಜಿ ಕರೆಯುತ್ತಾರೆಯೇ ಎಂದು ಕೇಳಿದ. ಕರೆಯುತ್ತಾರೆ ಎಂದೆ.

"ಉಮ್ಮನ ಬಳಿ ನೀವೇ ಮಾತನಾಡಬೇಕು ಉಸ್ತಾದರೇ" ಎಂದ.

ನಾಳೆ ಅಸರ್ ನಮಾಝಿನ ನಂತರ ಅವರ ಮನೆಗೆ ಹೋಗುತ್ತಿದ್ದೇನೆ.